ಅವ್ವನ ಭತ್ತದ ಮೇಲೆ ಕೂತ ರಾಟವಾಳ

ಕಳೆದ ಭಾನುವಾರ ತೊಣ್ಣೂರು ಕೆರೆಯ ಕೆಳಗಿನ ಗದ್ದೆ ಬಯಲಿನಲ್ಲಿ ಕೊರಳಿಗೆ ಕ್ಯಾಮೆರಾ ನೇತುಹಾಕಿಕೊಂಡು ಅಲೆಯುತ್ತಿದ್ದೆ. ಈಗ ನನಗೆ ಪಾಂಡವಪುರದಲ್ಲಿ ಕೆಲಸ. ರಜೆಯ ದಿನ ಬೆಳಗಾದರೆ ಸ್ಕೂಟರು ತಾನಾಗಿಯೇ ಈ ಕಡೆ ತಿರುಗುತ್ತದೆ. ಮಿಂಚುಳ್ಳಿಯೊಂದನ್ನು ಹುಡುಕುತ್ತಾ ಬದುವಿನ ಮೇಲೆ ನಡೆಯುವಾಗ ಹಾಲುಗಾಳಿನ ವಾಸನೆ ಮೂಗಿಗೆ ಬಂತು. ತೆನೆಯೊಳಗಿನ ಕಾಳು ಇನ್ನೂ ಗಟ್ಟಿಯಾಗದೆ, ಹಿಸುಕಿದರೆ ಬೆಳ್ಳಗೆ ಹಾಲು ಬರುವ ಹತ್ತು ಹನ್ನೆರಡು ದಿನ ಭತ್ತದ ಗದ್ದೆಗೆ ಒಂದು ಬಗೆಯ ಹಸಿ ವಾಸನೆ ಇರುತ್ತದೆ. ಎಲ್ಲರಿಗೂ ಅದು ಹಿತವೇ. ನನಗೆ ಮಾತ್ರ ಅದು ಬಂದ ಕೂಡಲೆ ಶೀಳನೆರೆ ನೆನಪಾಗುತ್ತದೆ, ಪುಟ್ಟಮ್ಮನವರು ನೆನಪಾಗುತ್ತಾರೆ.

ಆರು ವರ್ಷದ ಹಿಂದಿನ ಮಾತು. ನಮ್ಮೂರು ಶ್ರೀರಂಗಪಟ್ಟಣದಿಂದ ನನ್ನನ್ನು ಕೃಷ್ಣರಾಜಪೇಟೆ ತಾಲ್ಲೂಕಿನ ಶೀಳನೆರೆ ಕಡೆಯ ಒಂದು ಕರೆಂಟಿನ ಸಬ್‌ಸ್ಟೇಷನ್ನಿಗೆ ವರ್ಗ ಮಾಡಿದರು. ಕೆಲಸ ಮೂರು ಪಾಳಿಯದು. ಮೀಟರು ನೋಡುವುದು, ಪುಸ್ತಕದಲ್ಲಿ ಬರೆಯುವುದು, ಹೇಳಿದ ಹೊತ್ತಿಗೆ ಪಂಪ್‌ಸೆಟ್ಟುಗಳಿಗೆ ತ್ರೀಫೇಸ್ ಕೊಡುವುದು. ಊರಿನಲ್ಲಿ ನನ್ನ ಹೆಸರು ಲೋಕೇಶ ಎಂದು ಯಾರೂ ಕೇಳಿಕೊಳ್ಳಲಿಲ್ಲ. ಬಂದ ಮೂರನೆಯ ದಿನಕ್ಕೇ ಕರೆಂಟಪ್ಪ ಆದೆ. ಟೀ ಅಂಗಡಿಗೆ ಹೋದರೂ, ಕಟಿಂಗಿಗೆ ಕೂತರೂ ಒಂದೇ ಪ್ರಶ್ನೆ, "ತ್ರೀಫೇಸು ಯಾವಾಗ ಕೊಟ್ಟೀರಿ ಕರೆಂಟಪ್ಪ?"

ಬಾಡಿಗೆಗೆ ಸಿಕ್ಕಿದ್ದು ಚಿಕ್ಕೇಗೌಡರ ಮನೆಯ ಹಿಂದಿನ ಒಂದು ಕೋಣೆ. ಗೌಡರು ಕಬ್ಬು ಬೆಳೆಯುವವರು, ಮಾತು ಕಡಿಮೆ, ತ್ರೀಫೇಸ್ ಬಂದ ಗಳಿಗೆಗೆ ಮನೆಯಲ್ಲಿ ಊಟದ ತಟ್ಟೆ ಬಿಟ್ಟು ಗದ್ದೆಗೆ ಓಡುವವರು. ಅವರ ಹೆಂಡತಿ ಪುಟ್ಟಮ್ಮನವರಿಗೆ ಐವತ್ತರ ಮೇಲೆ ವಯಸ್ಸು. ಹಿತ್ತಿಲು ಪೂರ್ತಿ ಅವರ ರಾಜ್ಯ. ನುಗ್ಗೆ, ಸೀಬೆ, ಬಚ್ಚಲ ನೀರು ಹರಿದು ಹೋಗುವ ಕಡೆ ಬಾಳೆ ಮತ್ತು ಕೆಸುವು, ಒಂದು ಹಳೆಯ ಒರಳುಕಲ್ಲು. ಅದರಾಚೆ ನಾಲ್ಕು ಚಾಪೆ ಹಾಸಿದಷ್ಟು ಅಗಲದ ಒಂದು ಗದ್ದೆ ಮಡಿ.

ನನ್ನ ಕೋಣೆಯ ಕಿಟಕಿ ಆ ಹಿತ್ತಿಲಿಗೆ ತೆರೆಯುತ್ತಿತ್ತು. ಅದೇ ನನ್ನನ್ನು ಕೆಡಿಸಿದ್ದು. ಹಗಲು ಪಾಳಿ ಇಲ್ಲದ ದಿನ ಕಿಟಕಿಯಲ್ಲಿ ಕೂತರೆ ಪಿಕಳಾರ, ಸೂರಕ್ಕಿ, ಬಾಲ ಎತ್ತಿಕೊಂಡು ಬರುವ ಮಡಿವಾಳ ಹಕ್ಕಿ, ಏಳೆಂಟು ಸೇರಿ ಜಗಳಕ್ಕೆ ಬಂದವರಂತೆ ಗಲಾಟೆ ಮಾಡುವ ಹರಟೆಮಲ್ಲ, ಮಧ್ಯಾಹ್ನ ಒಂಟಿಯಾಗಿ ದಾಟಿ ಹೋಗುವ ಮುಂಗುಸಿ. ಕೆ.ಆರ್. ಪೇಟೆಯಲ್ಲಿ ಮದುವೆ ಫೋಟೋ ತೆಗೆಯುವ ಮಂಜ ಅಂತ ನನ್ನ ಐಟಿಐ ಸ್ನೇಹಿತ ಇದ್ದ. ಅವನು ಹೊಸ ಕ್ಯಾಮೆರಾ ತೆಗೆದುಕೊಂಡು ಹಳೆಯದನ್ನು, ಜೊತೆಗೊಂದು ಉದ್ದನೆಯ ಲೆನ್ಸನ್ನು, ನನ್ನ ಕುತ್ತಿಗೆಗೆ ಕಟ್ಟಿದ. "ಮದ್ವೆ ಗಂಡು ಎಣ್ಣಾದ್ರೆ ಇಂಗ್ ನಿಂತ್ಕಳಿ ಅಂದ್ರೆ ನಿಂತ್ಕತವೆ ಕಣ್ಲಾ. ನಿನ್ನವು ನಿಲ್ಲಾಕಿಲ್ಲ. ಕಾಯ್ಬೇಕು" ಎಂದಿದ್ದ. ಅವನು ಕಲಿಸಿದ ಪಾಠ ಅಷ್ಟೇ.

ಕಾದೆ. ಆಷಾಢದ ಗಾಳಿಯಲ್ಲಿ ಕಿಟಕಿಗೆ ಗೋಣಿಚೀಲ ಕಟ್ಟಿ, ಅದರ ತೂತಿನಿಂದ ಲೆನ್ಸು ಹೊರಗಿಟ್ಟುಕೊಂಡು ಗಂಟೆಗಟ್ಟಲೆ ಕೂರುತ್ತಿದ್ದೆ. ಪುಟ್ಟಮ್ಮನವರಿಗೆ ಮೊದಮೊದಲು ಅನುಮಾನ. ಒಂದು ದಿನ ಕಿಟಕಿಗೇ ಬಂದು ನಿಂತರು.

"ಏನ್ ಸ್ವಾಮಿ, ಸಂಬ್ಳ ತಗಳೋ ಆಳು, ಪಾತ್ರೆ ತೊಳ್ಯೋ ಕಡೀಕೆ ಮಿಸೀನು ತಿರುಗ್ಸ್ಕೊಂಡು ಕುಂತಿದ್ದೀರಿ?"

ಕ್ಯಾಮೆರಾದ ಪರದೆಯಲ್ಲಿ ಸೂರಕ್ಕಿ ತೋರಿಸಿದೆ. ಬಾಳೆ ಹೂವಿಗೆ ಕೊಕ್ಕು ಇಟ್ಟಿದ್ದ ಗಂಡು, ಕತ್ತಿನ ಬಳಿ ನೇರಳೆ ಬಣ್ಣ ಹೊಳೆಯುತ್ತಿತ್ತು. ಬಹಳ ಹೊತ್ತು ನೋಡಿದರು. "ಇದು ನಮ್ಮ ಇತ್ಲಲ್ಲಿ ಅದೆಯಾ?" ಎಂದರು. "ದಿನಾ ಇಲ್ಲೇ ಪಾತ್ರೆ ತೊಳಿತೀನಿ, ನಾ ಕಾಣ್ನಲ್ಲ." ಅವತ್ತಿನಿಂದ ನನಗೆ ಹಿತ್ತಿಲಲ್ಲಿ ಪೂರ್ತಿ ಸ್ವಾತಂತ್ರ್ಯ ಸಿಕ್ಕಿತು, ಜೊತೆಗೆ ಬೆಳಗಿನ ಕಾಫಿಯೂ. ಅವರೇ ಬಂದು, "ಸೀಬೆ ಮರ್ದಾಗೆ ಎಂಥದೋ ಕೂಗ್ತಾ ಅದೆ, ಎದ್ದೇಳಿ" ಎಂದು ಬಾಗಿಲು ಬಡಿಯುತ್ತಿದ್ದರು. ಪಾಳಿ ಮುಗಿಸಿ ಮಲಗಿದ್ದರೂ ಬಡಿಯುತ್ತಿದ್ದರು.

ಶ್ರಾವಣದಲ್ಲಿ ಮಡಿಗೆ ನಾಟಿ ಹಾಕಿದರು. ಗೌಡರ ಜಮೀನೆಲ್ಲ ಕಬ್ಬು, ಹಾಗಿರುವಾಗ ಹಿತ್ತಿಲಲ್ಲಿ ಇಷ್ಟಗಲ ಭತ್ತ ಯಾಕೆ ಎಂದು ನನಗೆ ಅರ್ಥವಾಗಿರಲಿಲ್ಲ. ಯಾವ ತಳಿ ಎಂದು ಕೇಳಿದೆ. "ಅವ್ವನ ಬತ್ತ" ಎಂದರು. ಐಆರ್ ಅರವತ್ತನಾಲ್ಕು, ಜಯ ಎಂಬಂತೆ ಅದೂ ಒಂದು ತಳಿಯ ಹೆಸರಿರಬೇಕು ಎಂದುಕೊಂಡು, ಫೋಟೋಗಳ ವಿವರ ಬರೆದಿಡುವ ಪುಸ್ತಕದಲ್ಲಿ ಹಾಗೆಯೇ ಬರೆದುಕೊಂಡೆ. ಆಮೇಲೆ ಗೌಡರು ನಗುತ್ತಾ ಬಿಡಿಸಿ ಹೇಳಿದರು. ಅದು ಪುಟ್ಟಮ್ಮನವರ ತಾಯಿ, ಪಾಂಡವಪುರದಾಚೆ ತೊಣ್ಣೂರು ಕೆರೆಯ ಕೆಳಗೆ, ಬೆಳೆಯುತ್ತಿದ್ದ ಭತ್ತ. ದಂಟು ನಸುಗೆಂಪು, ಅನ್ನ ಮೆತ್ತಗೆ. ಅದರ ನಿಜವಾದ ಹೆಸರು ಅವರಿಗೂ ತಿಳಿಯದು. ಮದುವೆಯಾಗಿ ಬರುವಾಗ ಒಂದು ಗಂಟಿನಲ್ಲಿ ಕಟ್ಟಿಕೊಟ್ಟಿದ್ದರಂತೆ. ತಾಯಿ ತೀರಿಕೊಂಡು, ತವರಿನವರೂ ಕಬ್ಬಿಗೆ ತಿರುಗಿದ ಮೇಲೆ ಆ ಬೀಜ ಉಳಿದಿದ್ದು ಈ ಮಡಿಯಲ್ಲಿ ಮಾತ್ರ. ಬೀಜ ಹಳತಾದರೆ ಮೊಳೆಯುವುದಿಲ್ಲ. ಅದಕ್ಕೆ ಪ್ರತಿ ವರ್ಷ ಇದ್ದಷ್ಟನ್ನೂ ಬಿತ್ತಿ, ಬಂದ ಹೊಸ ಕಾಳಿನಲ್ಲಿ ಬೀಜಕ್ಕೆ ತೆಗೆದಿಟ್ಟು, ಉಳಿದಿದ್ದರಲ್ಲಿ ಸಂಕ್ರಾಂತಿಗೆ ಒಂದು ಹೊತ್ತಿನ ಪೊಂಗಲ್ಲು.

ನಾಟಿಯ ದಿನ ನಾನೂ ಪಂಚೆ ಎತ್ತಿ ಕಟ್ಟಿ ಇಳಿದೆ. ಕೆಲಸಕ್ಕಿಂತ ಕೆಸರೇ ಹೆಚ್ಚು ಮಾಡಿದೆ ಎಂದು ಗೌಡರು ಹೇಳಿದರು. ಕೊನೆಗೆ ನಾಟಿಗೆಂದು ಕಿತ್ತಿದ್ದ ಒಟ್ಟಲು ಪೈರಿನ ಒಂದು ಸಣ್ಣ ಕಟ್ಟು ಮಿಕ್ಕಿತು. ಬೇಲಿಯಾಚೆ ಎಸೆಯಲು ಕೈ ಎತ್ತಿದೆ. ಪುಟ್ಟಮ್ಮ ಕೂಗಿಕೊಂಡರು.

"ಎಸೀಬ್ಯಾಡಿ ಸ್ವಾಮಿ. ಮಿಕ್ಕಿದ್ ಪೈರ ಎಸ್ಯಾಕಿಲ್ಲ ನಮ್ಮಲ್ಲಿ. ಎಲ್ಲಾರ ನೀರಿರೋ ಕಡೆ ಊರ್ಬುಡಿ."

ಹತ್ತಿರ ಕಂಡ ನೀರು ಬಚ್ಚಲದ್ದೇ. ಬಾಳೆಯ ಬುಡದಲ್ಲಿ, ಕೆಸುವಿನ ಎಲೆಗಳ ನಡುವೆ, ಆ ಕಟ್ಟನ್ನು ಏಳೆಂಟು ಪಾಲು ಮಾಡಿ ಅಡ್ಡಾದಿಡ್ಡಿ ಊರಿ ಕೈ ತೊಳೆದುಕೊಂಡೆ. ಆಮೇಲೆ ಅದನ್ನು ನಾನೂ ಮರೆತೆ, ಅವರೂ ಮರೆತರು.

ಭಾದ್ರಪದದ ಹೊತ್ತಿಗೆ ನನ್ನ ಹುಚ್ಚು ಬಲಿಯಿತು. ಒರಳುಕಲ್ಲಿನ ಗುಂಡಿಯಲ್ಲಿ ದಿನಾ ಒಂದು ಹಿಡಿ ನುಚ್ಚಕ್ಕಿ ಹಾಕಲು ಶುರು ಮಾಡಿದೆ. ಮೊದಲು ಗುಬ್ಬಿ ಬಂದವು. ಆಮೇಲೆ ರಾಟವಾಳ. ಹೆಬ್ಬೆರಳಿನಷ್ಟು ಹಕ್ಕಿ, ಕಂದು ಬೆನ್ನು, ಎದೆಯ ಮೇಲೆ ಮೀನಿನ ಪೊರೆಯಂತೆ ಬಿಳಿ ಕಪ್ಪು ಗೀರು. ನಾಲ್ಕಿದ್ದವು ಹತ್ತಾದವು, ಹತ್ತಿದ್ದವು ನಲವತ್ತು ಐವತ್ತಾದವು. ಬೆಳಗ್ಗೆ ನಾನು ಬಾಗಿಲು ತೆಗೆಯುವ ಮೊದಲೇ ನುಗ್ಗೆ ಮರದ ತುಂಬ ಕೂತಿರುತ್ತಿದ್ದವು. ನನ್ನನ್ನು ಕಂಡರೆ ಹಾರದಷ್ಟು ಸಲಿಗೆ ಬಂದಿತ್ತು. ಗೌಡರು ಒಮ್ಮೆ ನಿಂತು ನೋಡಿ, "ನೀವು ಕರೀತಿದ್ದೀರಿ ಸರಿ. ನಾಳೀಕೆ ವಾಪಸ್ ಕಳಿಸೋರ್ಯಾರು?" ಎಂದು ಹೋದರು. ತಮಾಷೆ ಎಂದುಕೊಂಡೆ.

ಮಡಿಯಲ್ಲಿ ಹೊಡೆ ಬಿದ್ದು ತೆನೆ ಹೊರಟಿತು. ಪುಟ್ಟಮ್ಮ ಅಟ್ಟದಿಂದ ಹಳೆಯ ಕ್ಯಾಸೆಟ್ಟುಗಳನ್ನು ತೆಗೆದು, ಒಳಗಿನ ರೀಲನ್ನು ಎಳೆದು, ಮಡಿಯ ಮೇಲೆ ಗೂಟದಿಂದ ಗೂಟಕ್ಕೆ ಅಡ್ಡಡ್ಡ ಕಟ್ಟಿದರು. ಗಾಳಿಗೆ ಅದು ಗುಂಯ್ ಎಂದು ನಡುಗುತ್ತಿತ್ತು, ಬಿಸಿಲಿಗೆ ಮಿರಿಮಿರಿ ಹೊಳೆಯುತ್ತಿತ್ತು. ಹಕ್ಕಿ ಹತ್ತಿರ ಸುಳಿಯುತ್ತಿರಲಿಲ್ಲ. ಒರಳಿಗೆ ಬಂದು ನುಚ್ಚು ತಿಂದು ಹೋಗುತ್ತಿದ್ದವು. ಎಲ್ಲರಿಗೂ ಸರಿಹೋಗಿತ್ತು.

ದೀಪಾವಳಿಗೆ ಪುಟ್ಟಮ್ಮ ಅಣ್ಣನ ಮನೆಗೆಂದು ತೊಣ್ಣೂರಿಗೆ ಹೋದರು. ನನಗೂ ನಾಲ್ಕು ದಿನ ರಜೆ. ಒಂಬತ್ತರ ಬಸ್ಸಿಗೆ ಶ್ರೀರಂಗಪಟ್ಟಣಕ್ಕೆ ಹೊರಡಬೇಕು. ಬೆಳಗಿನ ಬಿಸಿಲು ಮಂಜಿನ ಮೂಲಕ ಮಡಿಯ ಮೇಲೆ ಓರೆಯಾಗಿ ಬಿದ್ದಿತ್ತು. ಅಂಥ ಬೆಳಕು ನನಗೆ ಆ ವರ್ಷದಲ್ಲಿ ಒಮ್ಮೆಯೂ ಸಿಕ್ಕಿರಲಿಲ್ಲ. ಒಂದು ರಾಟವಾಳ ತೆನೆಯ ಮೇಲೆ ಕೂತರೆ ಎಷ್ಟು ಚೆನ್ನ ಎನಿಸಿತು. ಆದರೆ ಎಲ್ಲಿ ನೋಡಿದರೂ ಚೌಕಟ್ಟಿನಲ್ಲಿ ಆ ದರಿದ್ರ ರೀಲು. ಹೋಗಿ ಬಿಚ್ಚಿದೆ. ಒಂದು ಬದಿಯದು ಮೊದಲು, ಆಮೇಲೆ ಎಲ್ಲ. ಒರಳಿಗೆ ಅವತ್ತು ನುಚ್ಚನ್ನೂ ಹಾಕಲಿಲ್ಲ.

ಕಾಲು ಗಂಟೆಯೂ ಆಗಲಿಲ್ಲ. ಒಂದು ಬಂದು ತೆನೆಯ ಮೇಲೆ ಕೂತಿತು. ಭಾರಕ್ಕೆ ತೆನೆ ಬಾಗಿತು. ಹಕ್ಕಿ ಕತ್ತು ಹೊರಳಿಸಿ ಒಂದು ಕಾಳನ್ನು ಹಿಸುಕಿತು, ಕೊಕ್ಕಿನ ತುದಿಯಲ್ಲಿ ಬೆಳ್ಳಗೆ ಹಾಲಿನ ಹನಿ ನಿಂತಿತು. ಪಟ ತೆಗೆದೆ. ಅಷ್ಟು ಸಂತೋಷ ನನಗೆ ಕೆಲಸ ಸಿಕ್ಕ ದಿನವೂ ಆಗಿರಲಿಲ್ಲ. ಫೋಟೋವನ್ನು ಕ್ಯಾಮೆರಾದ ಕಾರ್ಡಿನಿಂದ ಫೋನಿಗೆ ಇಳಿಸಿ ಅಲ್ಲಿಂದಲೇ ಮಂಜನಿಗೆ ಕಳಿಸಿದೆ. "ಲೋ, ಇದ ದೊಡ್ದು ಮಾಡಿ ಫ್ರೇಮ್ ಆಕ್ಸ್ತೀನಿ ಬುಡು" ಎಂದು ಅವನು ಫೋನು ಮಾಡಿದ. ಮಾತಾಡುತ್ತಾ ಮಾತಾಡುತ್ತಾ ಬ್ಯಾಗು ತುಂಬಿದೆ, ಬೀಗ ಹಾಕಿದೆ, ಬಸ್ಸಿಗೆ ಓಡಿದೆ. ರೀಲು ಬಾಳೆಯ ಗಿಡದ ಮೇಲೆ ಸುರುಳಿಯಾಗಿ ಬಿದ್ದಿತ್ತು.

ನಾಲ್ಕು ದಿನ ಕಳೆದು ಬಂದಾಗ ಪುಟ್ಟಮ್ಮ ನನಗಿಂತ ಮೊದಲೇ ಬಂದಿದ್ದರು. ಮಡಿಯ ಬದುವಿನ ಮೇಲೆ ಕುಕ್ಕರಗಾಲಿನಲ್ಲಿ ಕೂತು ತೆನೆಗಳನ್ನು ಒಂದೊಂದಾಗಿ ಅಂಗೈಯಲ್ಲಿ ಉಜ್ಜುತ್ತಿದ್ದರು. ಎಲ್ಲ ಜೊಳ್ಳು. ಬುಡದಲ್ಲಿ ಬೆಳ್ಳಗೆ ಸಿಪ್ಪೆ ಉದುರಿತ್ತು. ಗೌಡರು ನಾಲ್ಕೂ ದಿನ ಕಬ್ಬಿನ ಗದ್ದೆಯಲ್ಲಿ ನೀರು ಕಟ್ಟುತ್ತಿದ್ದವರು, ಹಿತ್ತಿಲ ಕಡೆ ಬಂದೇ ಇರಲಿಲ್ಲ.

"ಗಾಳೀಗೆ ರೀಲೆಲ್ಲ ಬಿಚ್ಕಂಡೋಗದೆ ಸ್ವಾಮಿ" ಎಂದರು ಪುಟ್ಟಮ್ಮ. "ಕಾಳು ಆಲಾಗಿದ್ದಾಗ ಬುಟ್ಟು ಓಗ್ಬಾರ್ದಾಗಿತ್ತು. ಅಬ್ಬ ಅಂತ ತವರ್ನಲ್ಲಿ ಓಗಿ ಕುಂತ್ಕಂಡೆ. ನನ್ ಬುದ್ಧಿಗೆ ಏನ್ ಏಳಾನ."

ಆಗಲೇ ಹೇಳಬೇಕಿತ್ತು. ಪಾಳಿಗೆ ಹೊತ್ತಾಯಿತು ಎಂದು ಹೊರಟುಬಿಟ್ಟೆ. ಎರಡು ವಾರ ಹಾಗೇ ಕಳೆದೆ. ಒರಳಿಗೆ ನುಚ್ಚು ಹಾಕುವುದನ್ನು ನಿಲ್ಲಿಸಿದೆ, ಕಿಟಕಿ ಮುಚ್ಚಿದೆ, ಕ್ಯಾಮೆರಾ ಟ್ರಂಕಿಗೆ ಸೇರಿತು. ಗೌಡರು ಹೆಂಡತಿಗೆ, "ಸೊಸೈಟೀಲಿ ಬೀಜ ಸಿಕ್ತದೆ, ಬುಡು ಅತ್ಲಾಗೆ" ಎಂದು ಸಮಾಧಾನ ಹೇಳುವುದು ಗೋಡೆಯಾಚೆಯಿಂದ ಕೇಳಿಸುತ್ತಿತ್ತು. ಬೆಳಗಿನ ಕಾಫಿ ಮಾತ್ರ ತಪ್ಪದೆ ಬರುತ್ತಿತ್ತು. ಅದನ್ನು ಕುಡಿಯುವುದೇ ನನಗೆ ಕಷ್ಟವಾಗಿತ್ತು.

ಆಗ ಮಂಜ ಬಂದ, ಬೈಕಿನ ಹಿಂದೆ ಕಾಗದ ಸುತ್ತಿದ ದೊಡ್ಡದೊಂದು ಫ್ರೇಮು ಕಟ್ಟಿಕೊಂಡು. ನಾನು ತಡೆಯುವ ಮೊದಲೇ ಜಗಲಿಯ ಮೇಲೆ ಅದನ್ನು ಬಿಚ್ಚಿ ಗೋಡೆಗೆ ಒರಗಿಸಿ ನಿಲ್ಲಿಸಿಬಿಟ್ಟ. "ನೋಡಿ ಅವ್ವ, ನಿಮ್ಮ ಬಾಡಿಗೆಯೋರು ತೆಗೆದಿರೋದು. ನಿಮ್ಮ ಇತ್ಲದೇಯ."

ಪುಟ್ಟಮ್ಮ ಸೆರಗಿನಿಂದ ಕೈ ಒರೆಸಿಕೊಂಡು ಹತ್ತಿರ ಬಂದರು. ಬಗ್ಗಿ ನೋಡಿದರು. ಹಕ್ಕಿಯನ್ನು ನೋಡಿದರು, ಕೊಕ್ಕಿನ ಹಾಲನ್ನು ನೋಡಿದರು. ಆಮೇಲೆ ಚಿತ್ರದ ಮೇಲೆ ಬೆರಳಿಟ್ಟು ಅಡ್ಡಡ್ಡ ಎಳೆಯುತ್ತಾ ಹೋದರು, ಏನನ್ನೋ ಹುಡುಕುವವರ ಹಾಗೆ.

"ಇದ್ರಾಗೆ ರೀಲೇ ಇಲ್ವಲ್ಲ ಸ್ವಾಮಿ" ಎಂದರು.

ಮಂಜ ನನ್ನ ಮುಖ ನೋಡಿದ. ಅಲ್ಲಿಂದ ಓಡಿಹೋಗಬೇಕು ಅನ್ನಿಸಿತು. "ರೀಲು ಬಿಚ್ಚಿದ್ದು ನಾನೇ ಅವ್ವ" ಎಂದೆ. ಅಲ್ಲಿಯವರೆಗೆ ಅವರನ್ನು ಅವ್ವ ಎಂದು ಕರೆದಿರಲಿಲ್ಲ, ಅವತ್ತು ತಾನಾಗಿ ಬಂತು. "ಗಾಳಿಯಲ್ಲ. ಪಟಕ್ಕೆ ಅಡ್ಡ ಬರ್ತದೆ ಅಂತ ಬಿಚ್ಚಿದೆ. ಮತ್ತೆ ಕಟ್ಟೋದು ಮರೆತೆ. ಹಕ್ಕಿ ತಿನ್ನೋದನ್ನ ಮೊದಲು ನೋಡಿದವನೂ ನಾನೇ. ಓಡಿಸಲಿಲ್ಲ. ಖುಷಿಪಟ್ಟೆ."

ಅವರು ತಿರುಗಿ ನೋಡಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಚಿತ್ರದ ಮೇಲೆ ಬೆರಳು ಎಳೆಯುತ್ತಲೇ ಇದ್ದರು. ಆಮೇಲೆ ಬೆರಳು ಒಂದು ಮೂಲೆಯಲ್ಲಿ ನಿಂತಿತು. ಹಕ್ಕಿಯ ಹಿಂದೆ, ಮಸುಕು ಮಸುಕಾಗಿ, ಬಾಳೆಯ ದಿಂಡು ಕಾಣುವ ಜಾಗ.

"ಇದೇನಿದು, ಕೆಂಪುಗೆ? ಬಾಳೆ ಬುಡ್ದಾಗೆ?"

ಎಲೆ ಇರಬೇಕು ಎಂದ ಮಂಜ. ಪುಟ್ಟಮ್ಮ ಕೇಳಿಸಿಕೊಳ್ಳಲಿಲ್ಲ. ಆ ವಯಸ್ಸಿನಲ್ಲಿ ಹಾಗೆ ನಡೆಯುವುದನ್ನು ನಾನು ಕಂಡಿರಲಿಲ್ಲ. ಹಿತ್ತಿಲ ಬಾಗಿಲು ದಾಟಿ, ಬಚ್ಚಲ ಕಾಲುವೆ ಹಾರಿ, ಕೆಸುವಿನ ಎಲೆಗಳನ್ನು ಎರಡೂ ಕೈಯಿಂದ ಅಗಲಿಸಿದರು. ಒಳಗೆ ನಸುಗೆಂಪು ದಂಟು ನಿಂತಿದ್ದವು. ಏಳು ಬುಡ. ನೆರಳಿಗೆ ಬೆಳೆದು ತಡವಾಗಿ, ಆಗಷ್ಟೇ ತೆನೆ ಬಗ್ಗಿತ್ತು. ಪುಟ್ಟಮ್ಮ ಒಂದು ಕಾಳು ಹಿಸುಕಿದರು. ಹಾಲು ಬಂತು.

"ಇದ್ಯಾರು ಇಲ್ಲಿ ಊರಿದ್ದು?" ಎಂದು ಅವರು ಕೇಳಿದ ಮೇಲೆ ನನಗೆ ನಾಟಿಯ ದಿನ ನೆನಪಾಯಿತು. ನೀವೇ ಎಸೆಯಬೇಡಿ ಅಂದಿರಲ್ಲ ಎಂದೆ. ಅವರು ಅಲ್ಲೇ ಕೆಸರಿನಲ್ಲಿ ಕೂತುಬಿಟ್ಟರು. ನಗುತ್ತಿದ್ದರೋ ಅಳುತ್ತಿದ್ದರೋ ನನಗೆ ತಿಳಿಯಲಿಲ್ಲ. ನನ್ನದಂತೂ ಅಳುವೇ.

ಮುಂದಿನ ಒಂದು ತಿಂಗಳು ನಾನು ಮಾಡಿದ ಕಾವಲನ್ನು ಸಬ್‌ಸ್ಟೇಷನ್ನಿನಲ್ಲಿ ಮಾಡಿದ್ದರೆ ಬಡ್ತಿ ಕೊಡುತ್ತಿದ್ದರು. ನನ್ನ ಸೊಳ್ಳೆಪರದೆ ಆ ಏಳು ಬುಡಕ್ಕೆ ಹೋಯಿತು, ನಾನು ಸೊಳ್ಳೆ ಕಚ್ಚಿಸಿಕೊಂಡು ಮಲಗಿದೆ. ಪಾಳಿ ಇಲ್ಲದ ಹೊತ್ತಿನಲ್ಲಿ ಸ್ಟೀಲ್ ತಟ್ಟೆ ಚಮಚ ಹಿಡಿದು ಬಾಳೆಯ ಪಕ್ಕ ಕೂರುತ್ತಿದ್ದೆ. ನಾನೇ ಕರೆದು ಸಾಕಿದ ಹಕ್ಕಿಗಳು ನುಗ್ಗೆ ಮರದಲ್ಲಿ ಕೂತು, ಇವನಿಗೇನಾಯಿತು ಎಂಬಂತೆ ನೋಡುತ್ತಿದ್ದವು. ಗೌಡರು ದಾರಿಯಲ್ಲಿ ಕಂಡವರಿಗೆಲ್ಲ, "ನಮ್ಮ ಕರೆಂಟಪ್ಪ ಈಗ ಬತ್ತ ಕಾಯ್ತಾವ್ರೆ" ಎಂದು ಸುದ್ದಿ ಹಬ್ಬಿಸಿದರು. ಊರಿನವರು ಬಂದು ನೋಡಿಕೊಂಡು, ಹಾಗೆಯೇ ತ್ರೀಫೇಸಿನ ವಿಷಯವನ್ನೂ ವಿಚಾರಿಸಿ ಹೋಗುತ್ತಿದ್ದರು.

ಕೊಯ್ಲಿಗೆ ಕುಡುಗೋಲು ಬೇಕಾಗಲಿಲ್ಲ. ಪುಟ್ಟಮ್ಮ ತೆನೆಗಳನ್ನು ಉಗುರಿನಿಂದಲೇ ಚಿವುಟಿ ಮಡಿಲಿಗೆ ಹಾಕಿಕೊಂಡರು. ಎಲ್ಲ ಸೇರಿ ಎರಡು ಹಿಡಿ. ಜಗಲಿಗೆ ಬಂದು ಅದರಲ್ಲಿ ಮೂರು ತೆನೆ ಬೇರೆ ತೆಗೆದು, ಬಾಳೆ ನಾರಿನಲ್ಲಿ ಕಟ್ಟಿ, ಬಾಗಿಲ ಮೇಲಿನ ಮೊಳೆಗೆ ನೇತುಹಾಕಿದರು. ಸುಗ್ಗಿಯಾದ ಮೇಲೆ ಗುಬ್ಬಿಗೆ ತೆನೆ ಕಟ್ಟುವುದು ಅವರ ಮನೆಯ ಪದ್ಧತಿ. ಇರುವುದೇ ಇಷ್ಟು, ಈ ವರ್ಷ ಬೇಡ ಅವ್ವ ಎಂದೆ.

"ತಿನ್ನಾವ್ಕೆ ಗೊತ್ತಾ ಸ್ವಾಮಿ, ಈ ವರ್ಸ ಕಮ್ಮಿ ಅಂತ" ಎಂದರು. "ನಾವು ಕೊಟ್ಟು ಅಭ್ಯಾಸ ಮಾಡ್ಸಿರೋದು. ಓಗಿ, ಆ ಮಿಸೀನು ತಗಂಬನ್ನಿ."

ಟ್ರಂಕಿನಿಂದ ಕ್ಯಾಮೆರಾ ತೆಗೆದೆ. ಬಾಗಿಲ ತೆನೆಗೆ ಗುಬ್ಬಿ ಬಂದು ಜೋತಾಡುವ ಚಿತ್ರ ಅದೇ ವಾರ ಸಿಕ್ಕಿತು. ಬೆಳಕು ಸರಿ ಇರಲಿಲ್ಲ, ಹಿಂದೆ ಗೌಡರ ಟವೆಲ್ಲು ಬಂದಿದೆ. ಇವತ್ತಿಗೂ ನನ್ನ ಕೋಣೆಯ ಗೋಡೆಯ ಮೇಲಿರುವುದು ಅದೇ. ಆ ಬೇಸಿಗೆಗೆ ನನಗೆ ಮತ್ತೆ ವರ್ಗವಾಯಿತು.

ಇದೆಲ್ಲ ಕಳೆದ ಭಾನುವಾರ ತೊಣ್ಣೂರಿನ ಬದುವಿನ ಮೇಲೆ ನಿಂತಿದ್ದಾಗ ನೆನಪಾದದ್ದು. ಕಣ್ಣು ಬಿಟ್ಟು ನೋಡಿದರೆ ಎದುರಿನ ಗದ್ದೆಯ ದಂಟು ನಸುಗೆಂಪು. ಒಂದು ಮಡಿಯಲ್ಲ, ಅರ್ಧ ಎಕರೆ. ಸುತ್ತ ಕಬ್ಬು, ನಡುವೆ ಇದು. ನೀರು ತಿರುಗಿಸುತ್ತಿದ್ದ ನಲವತ್ತರ ಆಸುಪಾಸಿನ ರೈತನೊಬ್ಬನನ್ನು ಕೂಗಿ, ಇದು ಯಾವ ಭತ್ತ ಎಂದು ಕೇಳಿದೆ.

"ಕರೆಂಟಪ್ಪನ ಬತ್ತ ಕನ ಸಾರ್" ಎಂದ.

ಅವನೇ ಮುಂದುವರಿಸಿದ. "ನಮ್ಮ ಸ್ವಾದರತ್ತೆ ಕೊಟ್ಟಿದ್ದು, ಶೀಳ್ನೆರೆ ಕಡೆ ಇರೋರು. ಅಲ್ಲಿ ಯಾರೋ ಕರೆಂಟ್ ಆಫೀಸ್ನೋರು ಎಲ್ಲಿಂದ್ಲೋ ತಂದು ಊರಿದ್ರಂತೆ. ಅನ್ನ ಸಂದಾಗದೆ."

ಅದು ನಿನ್ನ ಅಜ್ಜಿಯದೇ ಭತ್ತ ಕಣಪ್ಪ, ಇದೇ ಕೆರೆಯ ನೀರು ಕುಡಿದು ಬೆಳೆದದ್ದು ಎಂದು ಹೇಳಬೇಕೆಂದುಕೊಂಡೆ. ಅದಕ್ಕೆ ಮೊದಲು ಆಚೆ ಹೋಗಿ ಪುಟ್ಟಮ್ಮನವರಿಗೆ ಫೋನು ಮಾಡಿದೆ. ಇದೇನವ್ವ ಹೀಗೆ ಹೆಸರು ಬದಲಾಯಿಸಿದ್ದೀರಿ, ತಪ್ಪಲ್ಲವಾ ಎಂದೆ. ಆ ಕಡೆಯಿಂದ ಪಾತ್ರೆಯ ಸದ್ದು ನಿಂತಿತು.

"ಅವ್ವನ ಬತ್ತ ಆ ದೀಪಾವಳೀಲೇ ತೀರೋಯ್ತು ಸ್ವಾಮಿ. ಅತ್ಬುಟ್ಟೆ ನಾನು ಅದಕ್ಕೆ" ಎಂದರು. "ತಿನ್ಸಿದ್ದೂ ನೀವೇಯ, ಊರಿದ್ದೂ ನೀವೇಯ. ಇನ್ಯಾರ ಎಸ್ರು ಮಡಗಾನ?"

ಫೋನು ಜೇಬಿಗೆ ಹಾಕಿ ತಿರುಗಿದೆ. ಬೇಲಿಯಿಂದ ಒಂದು ರಾಟವಾಳ ಹಾರಿ ಬಂದು ಹತ್ತಿರದ ತೆನೆಯ ಮೇಲೆ ಕೂತಿತು. ತೆನೆ ಬಾಗಿತು. ಬೆಳಕು ಓರೆಯಾಗಿತ್ತು, ಹಿಂದೆ ರೀಲು ಇರಲಿಲ್ಲ, ಕ್ಯಾಮೆರಾ ಎದೆಯ ಮೇಲೆಯೇ ಇತ್ತು. ಎರಡೂ ಕೈ ಎತ್ತಿ ಜೋರಾಗಿ ಚಪ್ಪಾಳೆ ತಟ್ಟಿದೆ.

"ಅಲ್ಲ ಸಾರ್, ಪಟ ತಗ್ಯಾಕೆ ಬಂದೋರು ಅಕ್ಕೀನೇ ಓಡಿಸ್ತಾವ್ರಲ್ಲ" ಎಂದ ಗದ್ದೆಯವನು, ಸನಿಕೆ ಊರಿಕೊಂಡು.